ಇನ್ನೂರು ಚದರ ಸೆಂಟಿಮೀಟರ್ ಮಳೆ

ಮಿಲಿಮೀಟರ್ ಸಾಹೇಬರ ನಿದ್ದೆಯ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದ ಅನಾಹುತಕ್ಕೆಲ್ಲ ಅದೇ ಮೂಲ. ಹಾಸಿಗೆಗೆ ಬೆನ್ನು ತಾಗಿತೋ, ಮುಗಿಯಿತು. ಪಕ್ಕದಲ್ಲಿ ಲಾರಿ ಮಗುಚಿದರೂ ಅವರು ಮಗ್ಗುಲು ಬದಲಿಸುವವರಲ್ಲ. ಒಮ್ಮೆ ಅಡುಗೆಮನೆಯ ಹಲಗೆ ಕಳಚಿ ಅಷ್ಟೂ ಪಾತ್ರೆ ನೆಲಕ್ಕುರುಳಿ, ಹೆಂಡತಿ ಕಿರುಚಿಕೊಂಡು ಎದ್ದು ಕೂತಳು. ಇವರು ಬೆಳಿಗ್ಗೆ ಆರಾಮಾಗಿ ಎದ್ದು ಬಂದು, "ಇದೇನೇ, ಪಾತ್ರೆ ಎಲ್ಲ ಕೆಳಗೆ ಜೋಡಿಸಿದ್ದೀಯಾ?" ಎಂದು ಕೇಳಿದರು.

ಇದು ಮನೆಯೊಳಗಿನ ಗುಟ್ಟು. ಬೀದಿಗೆ ಗೊತ್ತಿದ್ದ ಕತೆಯೇ ಬೇರೆ. ದೇಶದ ಮಳೆಯನ್ನು ಅಳೆಯುವ ಇಲಾಖೆಯಲ್ಲಿ ಸಾಹೇಬರು ವೀಕ್ಷಕರು. ಹುದ್ದೆ ಸಣ್ಣದು, ಸಾಹೇಬ ಅನ್ನುವುದು ಬೀದಿಯವರು ಚೇಷ್ಟೆಗೆ ಅಂಟಿಸಿದ ಬಾಲ. ಅವರ ಸರ್ಕಾರಿ ಮನೆಯ ಹಿಂದಿನ ಅಂಗಳದಲ್ಲಿ ತಂತಿಬೇಲಿ, ಬೇಲಿಯ ನಡುವೆ ಸಿಮೆಂಟ್ ಕಟ್ಟೆ, ಕಟ್ಟೆಯ ಮೇಲೆ ಮಳೆಮಾಪಕ. ಮೇಲೆ ಬಾಯಿ ತೆರೆದ ಆಲಿಕೆ, ಒಳಗೆ ನೀರು ಕೂಡುವ ಡಬ್ಬಿ, ಅಷ್ಟೇ. ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಅಳತೆ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ, ರಾಜಧಾನಿಗೆ ಕಳಿಸಬೇಕು. ಅಲ್ಲಿ ಇಂಥ ನೂರಾರು ಅಂಕಿಗಳ ಜೊತೆ ಜಲಾಶಯಗಳ ಮಟ್ಟ, ಬೆಳೆಗಳ ಸ್ಥಿತಿಗತಿ ಎಲ್ಲ ಸೇರಿ ಪ್ರತಿ ಗುರುವಾರ ಒಂದು ಬುಲೆಟಿನ್ ಹೊರಡುತ್ತದೆ. ಯಾವ ಅಣೆಕಟ್ಟಿನಿಂದ ಯಾವ ಕಾಲುವೆಗೆ ಎಷ್ಟು ನೀರು ಅನ್ನುವುದು ಆ ಬುಲೆಟಿನ್ ನೋಡಿಯೇ ತೀರ್ಮಾನ.

ಇಷ್ಟು ದೊಡ್ಡ ಕೆಲಸದಲ್ಲಿರುವವನಿಗೆ ನಿದ್ದೆ ಜಾಸ್ತಿ ಅಂದರೆ ಯಾರು ಮರ್ಯಾದೆ ಕೊಡುತ್ತಾರೆ? ಹಾಗಾಗಿ ಸಾಹೇಬರು ಬೀದಿಯಲ್ಲಿ ಒಂದು ಮಾತು ಹಬ್ಬಿಸಿದ್ದರು. "ನನ್ನ ಕಿವಿ ಇದೆಯಲ್ಲ, ಅದು ಇಲಾಖೆಯ ಕಿವಿ. ಒಂದು ಹನಿ ಬಿದ್ರೂ ಎಚ್ಚರ ಆಗ್ಬಿಡುತ್ತೆ. ಏನ್ಮಾಡೋದು, ಹಣೆಬರಹ!"

ಅವರ ಹಾಸಿಗೆಯ ತಲೆದೆಸೆಯಲ್ಲಿ ಒಂದು ಮೆಮೊ ತೂಗುತ್ತಿತ್ತು. ಹಿಂದೊಮ್ಮೆ ಅವರು ಅಳೆಯುವುದಕ್ಕೆ ಸೋಮಾರಿತನವಾಗಿ, ಕಿಟಕಿಯಿಂದ ಮೋಡ ನೋಡಿ ಅಂದಾಜಿಗೆ ಎರಡು ಮಿಲಿಮೀಟರ್ ಬರೆದು ಸಿಕ್ಕಿಬಿದ್ದಾಗ ಬಂದದ್ದು: "ಆಕಾಶ ನೋಡಿ ಬರೆಯತಕ್ಕದ್ದಲ್ಲ. ಗಾಜಿನಲ್ಲಿ ಕಂಡದ್ದನ್ನೇ ಬರೆಯತಕ್ಕದ್ದು." ಅಂದಿನಿಂದ ಸಾಹೇಬರು ಆಕಾಶದ ಕಡೆ ತಲೆ ಎತ್ತಿ ನೋಡುವುದನ್ನೇ ಬಿಟ್ಟಿದ್ದರು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಹತ್ತೊಂಬತ್ತು ದಿನ ಸಾಲಾಗಿ ಸೊನ್ನೆ ಬರೆದು ಸಾಹೇಬರಿಗೆ ನಾಚಿಕೆಯಾಗತೊಡಗಿತ್ತು. ಇಪ್ಪತ್ತನೆಯ ದಿನ, ಸೋಮವಾರ, ಕಣ್ಣುಜ್ಜಿಕೊಳ್ಳುತ್ತ ಡಬ್ಬಿ ತೆಗೆದು ಗಾಜಿಗೆ ಸುರಿದರೆ ನೀರು ಸುರಿಯುತ್ತಲೇ ಇದೆ! ಮೂವತ್ತೆಂಟು ಮಿಲಿಮೀಟರ್. ರಾತ್ರಿ ಇಷ್ಟು ಮಳೆ ಹೊಡೆದಿದೆ, ತಾನು ಗೊರಕೆ ಹೊಡೆದಿದ್ದೇನೆ! ನೆಲ ನೋಡಿದರು, ಒಣಗಿ ಬಿರುಕು ಬಿಟ್ಟಿತ್ತು. ಹತ್ತೊಂಬತ್ತು ದಿನದ ಬಾಯಾರಿಕೆ, ಕುಡಿದುಬಿಟ್ಟಿದೆ ಎಂದುಕೊಂಡರು.

"ಏನು ಸಾಹೇಬ್ರೇ, ಎಷ್ಟು ಇವತ್ತು?" ಪಕ್ಕದ ಮನೆಯ ನಿವೃತ್ತ ಹೆಡ್ಮೇಷ್ಟ್ರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

"ಮೂವತ್ತೆಂಟು ಸಾರ್."

"ಮೂವತ್ತೆಂಟಾ? ಯಾವಾಗ ಬಂತು ಮಳೆ?"

ಸಾಹೇಬರು ಗಾಜು ಒರೆಸತೊಡಗಿದರು. "ಎರಡು ಗಂಟೆಗೆ ಶುರುವಾಯ್ತಲ್ಲ ಸಾರ್. ಏನ್ ಮಳೆ ಅಂತೀರಿ! ನಾನು ಎದ್ದು ಕೂತವನು ಮತ್ತೆ ಮಲಗಲೇ ಇಲ್ಲ. ನಿಮಗೆ ಕೇಳಿಸ್ಲಿಲ್ವಾ?"

ಈಗ ಮೇಷ್ಟ್ರು ಪೇಚಿಗೆ ಸಿಕ್ಕಿದರು. ಅವರಿಗೆ ನಿದ್ದೆ ಬರದ ಕಾಯಿಲೆ. ಹನ್ನೊಂದು ವರ್ಷದಿಂದ ಕಣ್ಣು ಮುಚ್ಚಿಲ್ಲವೆಂದು ಡಾಕ್ಟರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಹೇಳಿ, ಇಡೀ ಬೀದಿಯ ಕನಿಕರವನ್ನು ಸಂಪಾದಿಸಿದ್ದರು. ಮಳೆ ಕೇಳಿಸಲಿಲ್ಲ ಅಂದರೆ ನಿದ್ದೆ ಮಾಡಿದೆ ಎಂದು ಒಪ್ಪಿಕೊಂಡಂತೆ.

"ಕೇಳಿಸದೆ ಏನ್ರೀ! ಎರಡಲ್ಲ, ಎರಡೂ ಹತ್ತು. ನಾನು ಗಡಿಯಾರ ನೋಡಿದೀನಿ."

ಎದುರುಮನೆಯ ಟೈಲರ್‌ಗೆ ಇದು ವರದಾನವಾಗಿ ಬಂತು. ಮೂರು ಜನರ ಬಟ್ಟೆ ಶನಿವಾರವೇ ಕೊಡುತ್ತೇನೆಂದು ಒಪ್ಪಿಕೊಂಡು ಇನ್ನೂ ಕತ್ತರಿಯನ್ನೇ ಹಾಕಿರಲಿಲ್ಲ. "ಅಯ್ಯೋ, ಆ ಮಳೆಗೆ ನಮ್ಮ ಅಂಗಡಿ ಸೂರು ಸೋರಿ ಬಟ್ಟೆ ಎಲ್ಲ ತೊಯ್ದು ತೊಪ್ಪೆ! ಒಣಗಿಸ್ತಾ ಇದೀನಿ ಸ್ವಾಮಿ," ಎಂದು ಅವನು ಬಂದ ಗಿರಾಕಿಗಳಿಗೆಲ್ಲ ಹೇಳಿದ. ಗಿರಾಕಿಗಳು ಅದನ್ನು ಊರಿಗೆಲ್ಲ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಮಳೆಯ ಜೊತೆಗೆ ಗುಡುಗೂ ಸೇರಿಕೊಂಡಿತ್ತು.

"ಮಳೆನಾ? ನಾನು ನಿನ್ನೆ ತಂತಿ ಮೇಲೆ ಹಾಕಿದ ಬಟ್ಟೆ ಗರಿಗರಿಯಾಗಿದೆಯಲ್ರೀ," ಎಂದಳು ಹೆಂಡತಿ.

"ಗಾಳಿ ಬೀಸ್ತು, ಒಣಗ್ತು. ನಿನಗೇನು ಗೊತ್ತಾಗುತ್ತೆ ಇಲಾಖೆ ವಿಷಯ!"

ಮಂಗಳವಾರ ನಲವತ್ತೊಂದು, ಬುಧವಾರ ಮೂವತ್ತೊಂಬತ್ತು, ಗುರುವಾರ ನಲವತ್ತು. ಸಾಹೇಬರು ಗಾಜಿನಲ್ಲಿ ಕಂಡದ್ದನ್ನೇ ಬರೆದರು. ಆಕಾಶ ನೋಡಲಿಲ್ಲ. ನೋಡಿದ್ದರೆ ನೀಲಿಯಾಗಿ ಫಳಫಳ ಹೊಳೆಯುತ್ತಿತ್ತು, ಪಾಪ. ಮೇಷ್ಟ್ರು ದಿನಾ ಒಂದೊಂದು ಸಮಯ ಹೇಳಿದರು. ಟೈಲರ್ ದಿನಾ ಅವೇ ಬಟ್ಟೆಗಳನ್ನು ಒಣಗಿಸಿದ.

ಗುರುವಾರ ಸಂಜೆ ರಾಜಧಾನಿಯಿಂದ ಬುಲೆಟಿನ್ ವಿಭಾಗದ ಮುಖ್ಯಸ್ಥರೇ ಫೋನ್ ಮಾಡಿದರು. ಸಾಹೇಬರು ಎದ್ದು ನಿಂತು ಫೋನ್ ಹಿಡಿದರು.

"ಭೇಷ್! ಭೇಷ್ ಕಣ್ರೀ! ಇಡೀ ನಕ್ಷೆ ಕೆಂಪಗಾಗಿ ಕೂತಿತ್ತು. ಮಂತ್ರಿಗಳು, ಎಲ್ಲೂ ಮಳೆ ಇಲ್ವೇನ್ರೀ ಅಂತ ರೇಗ್ತಿದ್ರು. ನಿಮ್ಮೂರಿನ ನೀಲಿ ಚುಕ್ಕೆ ತೋರಿಸ್ದೆ ನೋಡಿ, ಮುಖ ಅರಳ್ತು. ನಾಲ್ಕು ದಿನಕ್ಕೆ ನೂರ ಐವತ್ತೆಂಟು! ನಿಮಗೊಂದು ಪ್ರಶಸ್ತಿಪತ್ರ ಬರೆಸ್ತೀನಿ."

"ತಮ್ಮ ಆಶೀರ್ವಾದ ಸಾರ್."

"ಇನ್ನೊಂದು ವಿಷಯ. ನಿಮ್ಮ ಕಡೆಗೆ ಇಷ್ಟು ಮಳೆ ಆಗಿರೋದ್ರಿಂದ ಕಾಲುವೆ ನೀರು ಬೇಕಿಲ್ಲ. ಅಣೆಕಟ್ಟಲ್ಲಿ ಇರೋದೇ ಇಪ್ಪತ್ತೆರಡು ಅಡಿ. ಗೇಟು ಮುಚ್ಚಿಸಿದೀವಿ."

ಪ್ರಶಸ್ತಿಪತ್ರದ ಗುಂಗಿನಲ್ಲಿ ಸಾಹೇಬರಿಗೆ ಕೊನೆಯ ಮಾತು ಅರ್ಧವೇ ಕೇಳಿಸಿತು. ಉಳಿದರ್ಧವನ್ನು ಶುಕ್ರವಾರ ಮೊದಲ ಬಸ್ಸಿಗೆ ಅಕ್ಕ ಹೊತ್ತು ತಂದಳು.

ಅಕ್ಕನ ಊರು ಹನ್ನೆರಡು ಕಿಲೋಮೀಟರ್ ಆಚೆ, ಕಾಲುವೆಯ ಕಟ್ಟಕಡೆಯ ತುದಿಯಲ್ಲಿ. ಅವ್ವ ಹೋದಮೇಲೆ ಸಾಹೇಬರನ್ನು ಸಾಕಿ, ಓದಿಸಿ, ಕಿವಿ ಹಿಂಡಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಒಳಗೆ ಬಂದವಳು ಚಪ್ಪಲಿಯನ್ನೂ ಬಿಡದೆ, ಒದ್ದೆ ಗೋಣಿಚೀಲವನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಒಂದು ಹಿಡಿ ಭತ್ತದ ಸಸಿ. ತುದಿ ಹಳದಿಗೆ ತಿರುಗಿತ್ತು.

"ಎಲ್ಲೋ ಬಿತ್ತು ನಿನ್ನ ಮಳೆ?"

"ಅಕ್ಕ, ಕೂತ್ಕೋ ಮೊದಲು..."

"ಕೂರೋಕೆ ಬಂದಿಲ್ಲ ನಾನು. ಗೇಟಿನವನನ್ನ ಕೇಳಿದ್ರೆ, ನಿಮ್ಮ ತಮ್ಮನೇ ಬರೆದಿದಾನೆ ಬೇಕಾದಷ್ಟು ಮಳೆ ಅಂತ, ಅವನನ್ನೇ ಕೇಳಿ ಹೋಗಿ ಅಂತಾನೆ. ಇಡೀ ಊರು ನನ್ನ ಮುಖ ನೋಡ್ತಿದೆ ಕಣೋ! ಇಪ್ಪತ್ತೆಂಟು ದಿನದ ಸಸಿ. ಇನ್ನು ನಾಲ್ಕೈದು ದಿನದಲ್ಲಿ ಗದ್ದೆಗೆ ನೀರು ಬಂದು ನಾಟಿ ಆಗ್ಲಿಲ್ಲ ಅಂದ್ರೆ ಬಲಿತು ಹೋಗುತ್ತೆ, ದನಕ್ಕೆ ಹಾಕೋಕೆ ಲಾಯಕ್ಕು. ಈ ವರ್ಷದ ಬೆಳೆ ಅಷ್ಟೇ ಆಮೇಲೆ!"

"ಗಾಜು ಸುಳ್ಳು ಹೇಳಲ್ಲ ಅಕ್ಕ. ನಾಲ್ಕು ದಿನವೂ ಬಿದ್ದಿದೆ. ಮೇಷ್ಟ್ರನ್ನ ಕೇಳು, ಟೈಲರ್‌ನ ಕೇಳು."

"ನಿನ್ನನ್ನೇ ಕೇಳ್ತೀನಿ. ನೀನು ಕಣ್ಣಲ್ಲಿ ನೋಡಿದ್ಯಾ?"

ಬೀದಿಗೆಲ್ಲ ಹೇಳಬಹುದು, ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಇವನ ನಿದ್ದೆ ಎಂಥದೆಂದು ಅವಳಿಗಿಂತ ಬಲ್ಲವರು ಯಾರು! ಒಂದು ಕಾಲದಲ್ಲಿ ದಿನಾ ನೀರು ಎರಚಿ ಎಬ್ಬಿಸಿ ಶಾಲೆಗೆ ಅಟ್ಟಿದವಳು. ಅವಳು ಒಂದು ಸಲ "ಹೂಂ" ಅಂದು ಅಲ್ಲೇ ಉಳಿದಳು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಸಾಹೇಬರಿಗೆ ಕಿವಿ ಕಿತ್ತುಬಂದ ಹಾಗಾಯಿತು. ಕಣ್ಣು ಬಿಟ್ಟರೆ ನಿಜಕ್ಕೂ ಅಕ್ಕನ ಕೈಯಲ್ಲಿ ಕಿವಿ. "ಎದ್ದು ಬಾ. ನಿನ್ನ ಮಳೆ ಬರ್ತಾ ಇದೆ. ಸದ್ದು ಮಾಡ್ಬೇಡ," ಎಂದು ಹಿಂಬಾಗಿಲಿಗೆ ಎಳೆದೊಯ್ದಳು.

ಅಂಗಳದಲ್ಲಿ ಸಾಹೇಬರ ಅತ್ತೆ. ಎಂಟು ದಿನಕ್ಕೆಂದು ಬಂದು ಎರಡು ತಿಂಗಳಿಂದ ಇದ್ದ ಹಿರಿಯ ಜೀವ. ಬೇಲಿಯ ಬಾಗಿಲಿನ ಕೊಂಡಿ ತೆಗೆದು ಒಳಗೆ ಹೋಗಿ, ಕೈಯಲ್ಲಿದ್ದ ಚೊಂಬಿನ ನೀರನ್ನು ಮಳೆಮಾಪಕದ ಆಲಿಕೆಗೆ ನಿಧಾನವಾಗಿ, ಒಂದು ಹನಿಯೂ ಹೊರಗೆ ಬೀಳದಂತೆ ಸುರಿದರು. ನೀರು ಗುಳುಗುಳು ಒಳಗಿಳಿಯಿತು. ಅತ್ತೆ ತೃಪ್ತಿಯಿಂದ ತಲೆಯಾಡಿಸಿದರು.

"ಅತ್ತೆ! ಏನ್ಮಾಡ್ತಿದೀರಿ?"

"ಅರೆ, ಅಳಿಯಂದ್ರು ಇಷ್ಟು ಬೇಗ ಎದ್ದಿದೀರಾ!" ಅತ್ತೆಯ ಮುಖ ಅರಳಿತು. "ಹಕ್ಕಿಗಳಿಗೆ ನೀರು ಇಡ್ತಿದೀನಪ್ಪಾ. ಮಳೆ ಇಲ್ಲ, ಹನಿ ಇಲ್ಲ, ಏನು ಕುಡೀಬೇಕು ಪಾಪ! ನಿಮ್ಮ ಬಟ್ಟಲು ಖಾಲಿ ಇತ್ತು. ಸೋಮವಾರದಿಂದ ನಾನೇ ತುಂಬಿಸ್ತಿದೀನಿ. ಎಷ್ಟು ಬಾಯಾರಿವೆ ಅಂದ್ರೆ, ಹಾಕಿ ಈ ಕಡೆ ತಿರುಗೋದ್ರೊಳಗೆ ಒಂದು ಹನಿ ಇರಲ್ಲ!" ಆಮೇಲೆ ಅಕ್ಕನ ಕಡೆ ತಿರುಗಿ, "ನಿಜ ಹೇಳ್ಬೇಕು ಅಂದ್ರೆ ನಿಮ್ಮ ತಮ್ಮನ್ನ ಬರೀ ನಿದ್ದೆಬುರುಕ ಅಂದ್ಕೊಂಡಿದ್ದೆ ಕಣಮ್ಮ. ಹಕ್ಕಿ ನೀರು ಕುಡಿಯೋಕೆ ಕಟ್ಟೆ ಕಟ್ಟಿಸಿ, ಬೆಕ್ಕು ಬರದ ಹಾಗೆ ಬೇಲಿ ಹಾಕಿಸಿದಾರೆ ನೋಡು! ಎಂಥ ಮನಸ್ಸು! ನನ್ನ ಮಗಳು ಪುಣ್ಯ ಮಾಡಿದ್ಲು," ಅಂದರು.

ಮದುವೆಯಾದ ಹದಿನಾರು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಬೈಯಲು ಬಾಯಿ ತೆರೆದಿದ್ದ ಅಕ್ಕ ಕೂಡ ಮುಚ್ಚಿಕೊಂಡಳು. ಸಾಹೇಬರಂತೂ ಬೆಪ್ಪಾಗಿ, "ಹೆಹ್ಹೆ, ಅದೇನು ಬಿಡಿ ಅತ್ತೆ," ಅಂದುಬಿಟ್ಟರು.

ಒಳಗೆ ಬಂದಮೇಲೆ ಅಕ್ಕ ಚಪ್ಪಲಿ ಮೆಟ್ಟಿದಳು. "ನಿನ್ನ ಅತ್ತೆ ವಿಷಯ ನೀನು ನೋಡ್ಕೋ. ಮೇಲೆ ಹೇಳು, ಗೇಟು ತೆಗೆಸು. ಸೋಮವಾರ ಬರ್ತೀನಿ. ಅಲ್ಲೀವರೆಗೆ ಬಿಂದಿಗೆಯಲ್ಲಿ ಹೊತ್ತು ಸಸಿಮಡಿಗೆ ನೀರು ಹಾಕ್ತೀನಿ. ನನ್ನ ಸೊಂಟ ಬಿದ್ದುಹೋದ್ರೆ ಅದನ್ನೂ ಮಿಲಿಮೀಟ್ರಲ್ಲಿ ಬರ್ಕೋ."

ಸಾಹೇಬರು ಮುಖ್ಯಸ್ಥರಿಗೆ ಫೋನ್ ಹಚ್ಚಿದರು.

"ಸಾರ್, ಆ ನೂರ ಐವತ್ತೆಂಟನ್ನ ಸೊನ್ನೆ ಮಾಡ್ಬೇಕಿತ್ತು."

"ಏನಂದ್ರಿ?" ಮುಖ್ಯಸ್ಥರ ದನಿ ಕಿರಿದಾಯಿತು. "ಮಂತ್ರಿಗಳಿಗೆ ತೋರಿಸಿ ಆಯ್ತಲ್ಲ ಅದನ್ನ! ತಿದ್ದುಪಡಿಗೆ ಕಾರಣ ಏನು ಬರೀಲಿ?"

"ಅತ್ತೆ, ಸಾರ್."

"ಯಾವ ಅತ್ತೆ?"

"ನನ್ನ ಅತ್ತೆ ಸಾರ್. ಹಕ್ಕಿಗಳಿಗೆ ಅಂತ ನೀರು..."

"ರೀ, ಫಾರಂನಲ್ಲಿ ಯಂತ್ರದೋಷ ಇದೆ, ಗಾಜು ಒಡೆದದ್ದು ಇದೆ, ಜಾನುವಾರು ಹಾವಳಿ ಇದೆ. ಅತ್ತೆ ಅನ್ನೋ ಕಾಲಂ ಇಲ್ಲ. ಸುತ್ತಲಿನವರು ಮಳೆ ಬಿದ್ದಿಲ್ಲ ಅಂತ ಬರೆದು ಸಹಿ ಹಾಕಲಿ. ಸೋಮವಾರ ನಾನೇ ಬರ್ತೀನಿ, ನೋಡೋಣ."

ಸಾಹೇಬರು ಕಾಗದ ಹಿಡಿದು ಮೇಷ್ಟ್ರ ಮನೆಗೆ ಓಡಿದರು. ನಡೆದದ್ದನ್ನೆಲ್ಲ ಕೇಳಿದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ನೋಡಿ ಸಾಹೇಬ್ರೇ, ನೀವು ನಿದ್ದೆ ಮಾಡಿದ್ರಿ ಅಂದ ಮಾತ್ರಕ್ಕೆ ಮಳೆ ಬಿದ್ದಿಲ್ಲ ಅಂತ ಆಗಲ್ಲ. ನಿಮ್ಮ ಅತ್ತೆ ನೀರು ಹಾಕಿರ್ಬಹುದು. ಮಳೆಯೂ ಬಿದ್ದಿದೆ. ನಾನು ಕೇಳಿದೀನಿ. ಎರಡೂ ಹತ್ತಕ್ಕೆ."

"ಸಾರ್, ಎರಡು ಗಂಟೆ ಅಂತ ನಾನೇ ಸುಳ್ಳು ಹೇಳಿದ್ದು!"

"ಅದಕ್ಕೇ ನಾನು ತಿದ್ದಿದ್ದು, ಎರಡೂ ಹತ್ತು ಅಂತ."

ಟೈಲರ್ ಕೈಮುಗಿದ. "ಸಾಹೇಬ್ರೆ, ಮೂರಿದ್ದ ಗಿರಾಕಿಗಳು ಈಗ ಏಳು ಆಗಿದಾರೆ, ಮಳೆ ಇಲ್ಲ ಅಂತ ನಾನು ಸಹಿ ಹಾಕಿದ್ರೆ ಏಳೂ ಜನ ನನ್ನನ್ನೇ ಹೊಲಿದುಬಿಡ್ತಾರೆ. ಬೇಕಾದ್ರೆ ನಿಮಗೊಂದು ಅಂಗಿ ಹೊಲ್ಕೊಡ್ತೀನಿ."

ಇತ್ತ ಮನೆಯಲ್ಲಿ ಅತ್ತೆಗೆ ವಿಷಯ ತಿಳಿಸುವವರು ಯಾರು ಎಂಬ ಚರ್ಚೆ ಶನಿವಾರ ಶುರುವಾದದ್ದು ಭಾನುವಾರವೂ ಮುಗಿಯಲಿಲ್ಲ. "ನಿಮ್ಮಮ್ಮ, ನೀನೇ ಹೇಳು," ಎಂದರು ಸಾಹೇಬರು. "ನಿಮ್ಮ ಯಂತ್ರ, ನೀವೇ ಹೇಳಿ. ನಿಮ್ಮನ್ನ ಅಳಿಯಂದ್ರು ಅಂತ ಬಾಯ್ತುಂಬ ಕರೀತಿದಾರೆ ಈಗ, ನಾನ್ಯಾಕೆ ಕೆಡಿಸ್ಲಿ," ಎಂದಳು ಹೆಂಡತಿ. ಹೀಗೆ ಯಾರೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಮುಖ್ಯಸ್ಥರ ಕಾರು ಬಂತು. ರಾತ್ರಿಯೇ ಬಂದು ಊರಿನ ಅತಿಥಿಗೃಹದಲ್ಲಿ ತಂಗಿದ್ದರು. ಇಸ್ತ್ರಿ ಮಾಡಿದ ಅಂಗಿ, ಹಿಂದೆ ಫೈಲು ಹಿಡಿದ ಡ್ರೈವರ್. ಮೇಷ್ಟ್ರು ಮತ್ತು ಟೈಲರ್ ಕಾಂಪೌಂಡಿಗೆ ಆತು ನಿಂತರು. ಅಕ್ಕ ಮೊದಲ ಬಸ್ಸಿಗೇ ಬಂದು ಸಸಿಯ ಗೋಣಿಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಂಟೂವರೆಗೆ ಮುಖ್ಯಸ್ಥರು ಸ್ವಂತ ಕೈಯಿಂದಲೇ ಡಬ್ಬಿ ತೆಗೆದು ಗಾಜಿಗೆ ಸುರಿದರು. ಒಂದು ಸಲ ಗಾಜು ತುಂಬಿತು, ಚೆಲ್ಲಿ ಮತ್ತೆ ತುಂಬಿಸಿದರು. ಬಿಸಿಲು ಜಾಸ್ತಿಯೆಂದು ಅತ್ತೆ ಆ ದಿನ ಎರಡು ಚೊಂಬು ಹಾಕಿದ್ದರು.

"ಎಂಬತ್ತು!" ಮುಖ್ಯಸ್ಥರು ಕೂಗಿದರು. ಬುಲೆಟಿನ್ ಉಳಿಯಿತು, ನೀಲಿ ಚುಕ್ಕೆ ಉಳಿಯಿತು, ಮಂತ್ರಿಗಳ ಮುಂದೆ ಮುಖ ಉಳಿಯಿತು. "ಅಂದ್ಕೊಂಡೆ ನಾನು! ರಾತ್ರಿ ಅತಿಥಿಗೃಹದ ಶೀಟಿನ ಮೇಲೆ ಏನು ಸದ್ದು, ಏನು ಸದ್ದು! ನನಗೆ ಮೊದಲಿಂದಲೂ ನಿದ್ದೆ ತುಂಬ ತೆಳು ನೋಡಿ."

"ಮೂರೂ ಇಪ್ಪತ್ತಕ್ಕಲ್ವಾ ಸಾರ್?" ಎಂದರು ಮೇಷ್ಟ್ರು.

"ಸುಮಾರು ಮೂರೂ ಇಪ್ಪತ್ತೈದು."

"ನಮ್ಮ ಸೂರು ಮತ್ತೆ ಸೋರ್ತು ಸಾರ್," ಎಂದ ಟೈಲರ್.

"ಮತ್ತೆ ಇವರು ಸೊನ್ನೆ ಮಾಡಿ ಅಂತಾರಲ್ಲ! ನಾಲ್ಕು ದಿನದ ಅಂಕಿ ಸರಿಯಾಗೇ ಇದೆ. ಗೇಟು ಮುಚ್ಚಿದ್ದೂ ಸರಿ." ಮುಖ್ಯಸ್ಥರು ಪೆನ್ನಿನ ಟೋಪಿ ತೆಗೆದರು.

ಸಾಹೇಬರು ಅಕ್ಕನ ಕಡೆ ನೋಡಿದರು. ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಎರಡು ದಿನ ಬಿಂದಿಗೆ ಹೊತ್ತು ಅವಳ ಅಂಗೈ ಬೊಬ್ಬೆ ಬಂದಿತ್ತು; ಆ ಕೈಯಲ್ಲಿ ಹಳದಿ ಸಸಿಯನ್ನು ಹಿಡಿದು ಸುಮ್ಮನೆ ನಿಂತಿದ್ದಳು.

"ಸಾರ್, ಸಹಿ ಹಾಕ್ಬೇಡಿ," ಎಂದರು. ದನಿ ಅವರಿಗೇ ಗುರುತು ಸಿಗದಷ್ಟು ದೊಡ್ಡದಾಗಿ ಬಂತು. "ಮಳೆ ಬಿದ್ದಿಲ್ಲ. ನಾನು ಒಂದು ದಿನವೂ ಎದ್ದಿಲ್ಲ. ನನಗೆ ಎಂಥ ಮಳೆಗೂ ಎಚ್ಚರ ಆಗಲ್ಲ ಸಾರ್, ಸತ್ತ ಹಾಗೆ ಮಲಗ್ತೀನಿ. ಕೇಳಿದೆ ಅಂತ ಹೇಳಿದ್ದು ಶುದ್ಧ ಸುಳ್ಳು. ಕೆಲಸ ಬೇಕಾದ್ರೆ ತೆಗೀರಿ, ನಮ್ಮಕ್ಕನ ಗದ್ದೆಗೆ ನೀರು ಬಿಡಿ."

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಚೊಂಬು ಹಿಡಿದು ಬಂದರು.

"ಅಯ್ಯೋ, ಖಾಲಿ ಮಾಡ್ಬಿಟ್ರಾ? ಸರೀರಪ್ಪಾ, ಸ್ವಲ್ಪ ದಾರಿ ಬಿಡಿ," ಎಂದು ದೇಶದ ಬುಲೆಟಿನ್ ವಿಭಾಗದ ಮುಖ್ಯಸ್ಥರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು. ಸಾಹೇಬರು ಅಷ್ಟರಲ್ಲಿ ಡಬ್ಬಿಯನ್ನೂ ಆಲಿಕೆಯನ್ನೂ ಸ್ವಸ್ಥಾನಕ್ಕೆ ಇಟ್ಟಿದ್ದರು, ಅಭ್ಯಾಸಬಲ. ಸುಡುವ ಬಿಸಿಲಲ್ಲಿ, ಎಲ್ಲರ ಕಣ್ಣೆದುರು, ನಲವತ್ತು ಮಿಲಿಮೀಟರ್ ಮಳೆ ಬಿತ್ತು. ಮುಖ್ಯಸ್ಥರು ಆಕಾಶ ನೋಡಿದರು. ಆಮೇಲೆ ಚೊಂಬು ನೋಡಿದರು. ಕಿವಿಯ ತುದಿ ಕೆಂಪಾಯಿತು.

ಆದರೆ ಅಷ್ಟು ದೊಡ್ಡ ಹುದ್ದೆಗೆ ಏರಿದವರು ಸುಮ್ಮನೆ ಏರಿರುವುದಿಲ್ಲ. ಎರಡು ನಿಮಿಷ ಯೋಚಿಸಿ, ಡ್ರೈವರ್‌ನಿಂದ ಫೈಲು ತೆಗೆದುಕೊಂಡು ಗಂಭೀರವಾಗಿ ಬರೆಯತೊಡಗಿದರು. ಬರೆದದ್ದನ್ನು ಓದಿದರು ಕೂಡ: "ಸ್ಥಳ ಪರಿಶೀಲನೆ ಮಾಡಲಾಗಿದೆ. ಸದರಿ ಕೇಂದ್ರದಲ್ಲಿ ದಾಖಲಾದ ಮಳೆಯು ಅತ್ಯಂತ ಸ್ಥಳೀಯ ಸ್ವರೂಪದ್ದಾಗಿದ್ದು, ಮಳೆ ಬಿದ್ದ ಒಟ್ಟು ವಿಸ್ತೀರ್ಣ ಇನ್ನೂರು ಚದರ ಸೆಂಟಿಮೀಟರ್. ಇದರಿಂದ ಬೆಳೆಗಳಿಗೆ ಪ್ರಯೋಜನವಾಗಿರುವುದಿಲ್ಲ. ಕಾಲುವೆಗೆ ತಕ್ಷಣ ನೀರು ಬಿಡಬಹುದು."

ಇನ್ನೂರು ಚದರ ಸೆಂಟಿಮೀಟರ್ ಅಂದರೆ ಆಲಿಕೆಯ ಬಾಯಿಯ ಅಳತೆ. ಅದು ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಹಾಗಾದ್ರೆ ಮಳೆ ಬಿದ್ದಿದ್ದು ನಿಜ ತಾನೇ?" ಎಂದರು ಮೇಷ್ಟ್ರು.

"ನಿಸ್ಸಂಶಯವಾಗಿ."

"ಅದೇ ನಾನೂ ಅಂದ್ಕೊಂಡೆ. ಒಂದೇ ಕಡೆ ಬಿದ್ದ ಹಾಗೆ ಕೇಳಿಸ್ತಿತ್ತು."

"ನೀವು ಏನಾದ್ರೂ ಬರ್ಕೊಳ್ಳಿ ಸ್ವಾಮಿ," ಎಂದಳು ಅಕ್ಕ. "ಗೇಟು ಯಾವಾಗ ತೆಗೀತೀರಿ?"

ಮುಖ್ಯಸ್ಥರು ಅಲ್ಲೇ ನಿಂತು ಫೋನ್ ಮಾಡಿದರು. ಮಧ್ಯಾಹ್ನ ಎರಡಕ್ಕೆ ಗೇಟು. ಕಾಲುವೆಯ ತುದಿಗೆ ನೀರು ತಲುಪಲು ಇನ್ನೊಂದೂವರೆ ದಿನ. ಅಕ್ಕ ಬಸ್ಸಿಗೆ ಓಡಿದಳು. ಪ್ರಶಸ್ತಿಪತ್ರದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಕಾರು ಹೋದಮೇಲೆ ಸಾಹೇಬರು ಧೈರ್ಯ ಮಾಡಿ ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದರು. ಅತ್ತೆ ಚೊಂಬನ್ನು ಕೆಳಗಿಟ್ಟರು.

"ಹಾಗಾದ್ರೆ ಅದು ಹಕ್ಕಿ ಬಟ್ಟಲು ಅಲ್ವಾ?"

"ಅಲ್ಲ ಅತ್ತೆ."

"ಮತ್ತೆ ಇಷ್ಟು ದಿನ ಆ ನೀರನ್ನ ಯಾರು ಕುಡೀತಿದ್ರು?"

"ಸರ್ಕಾರ, ಅತ್ತೆ."

"ಅದಕ್ಕೇ ಎಷ್ಟು ಹಾಕಿದ್ರೂ ಸಾಲ್ತಿರಲಿಲ್ಲ," ಎಂದು ಅತ್ತೆ ಎದ್ದು ಒಳಗೆ ಹೋದರು. ರಾತ್ರಿ ಊಟಕ್ಕೆ ಕರೆಯುವಾಗ, "ಆ ನಿದ್ದೆಬುರುಕನ್ನೂ ಕರಿ," ಎಂದು ಮಗಳಿಗೆ ಹೇಳಿದ್ದು ಸಾಹೇಬರ ಕಿವಿಗೆ ಸ್ಪಷ್ಟವಾಗಿ ಬಿತ್ತು.

ಮಂಗಳವಾರ ಸೊನ್ನೆ. ಬುಧವಾರವೂ ಸೊನ್ನೆ. ಸೊನ್ನೆಯನ್ನು ದುಂಡಗೆ ಬರೆದು ಕಳಿಸಿ, ಸಾಹೇಬರು ಅಂಗಳದಲ್ಲಿ ನಿಂತಲ್ಲಿ ನಿಲ್ಲದೆ ಓಡಾಡಿದರು. ನೀರು ಬಂತೋ ಇಲ್ಲವೋ, ಮಧ್ಯದ ಊರಿನವರು ಕಾಲುವೆ ತಿರುಗಿಸಿಕೊಂಡರೋ, ಸಸಿ ತಡೆಯಿತೋ ಇಲ್ಲವೋ? ಐದು ಸಲ ಫೋನ್ ಮಾಡಿದರೂ ಅಕ್ಕ ಎತ್ತಲಿಲ್ಲ. ಆರನೆಯ ಸಲ ಎತ್ತಿದಳು. ಆ ಕಡೆ ಹತ್ತಾರು ಹೆಂಗಸರ ಗಲಾಟೆ, ನಗು, ಪಚಪಚ ಸದ್ದು.

"ಅಕ್ಕ! ನೀರು ಬಂತಾ? ಎಷ್ಟು ಬಂತು? ಎಷ್ಟು ಇಂಚು ನಿಂತಿದೆ ಗದ್ದೆಯಲ್ಲಿ?"

"ಅಳೆಯೋಕೆ ಪುರುಸೊತ್ತಿಲ್ಲ ಕಣೋ," ಅಕ್ಕ ಕೂಗಿ ಹೇಳಿದಳು. "ಎರಡು ಕೈಯೂ ಕೆಸರಲ್ಲಿದೆ, ಪಕ್ಕದ ಗದ್ದೆಯವಳು ಫೋನ್ ಹಿಡ್ಕೊಂಡಿದಾಳೆ. ಇಡು!"